ಮುನ್ನೂರು ಕಿಲೋಮೀಟರಿನ ಬೇಲಿ

ದೇವಳಾಲಿ ಕ್ಯಾಂಪಿನಲ್ಲಿ ತೋಪಿನ ಸದ್ದಿಗೆ ಯಾರೂ ಬೆಚ್ಚುವುದಿಲ್ಲ. ನಾಸಿಕಕ್ಕೆ ಅಂಟಿಕೊಂಡೇ ಇರುವ ಈ ದಂಡು ಪ್ರದೇಶದಲ್ಲಿ ನಮ್ಮ ಸೈನ್ಯದ ಸ್ಕೂಲ್ ಆಫ್ ಆರ್ಟಿಲರಿ ಇದೆ. ತೋಪು ಹಾರಿಸುವ ವಿದ್ಯೆ ಕಲಿಯಲು ದೇಶದ ಮೂಲೆಮೂಲೆಯಿಂದ ಇಲ್ಲಿಗೆ ಬರುತ್ತಾರೆ. ಆ ವಿದ್ಯೆ ಎಷ್ಟೇ ದೊಡ್ಡದಿರಲಿ, ಅದರ ಬುಡದಲ್ಲಿರುವುದು ಎರಡೇ ಪ್ರಶ್ನೆ: ಗುಂಡು ಎಷ್ಟು ದೂರ ಹೋಗಬೇಕು, ಎಷ್ಟು ಭಾರದ್ದು ಹೋಗಬೇಕು? ಭಾರ ಇಳಿಸಿದರೆ ದೂರ ಹೆಚ್ಚುತ್ತದೆ. ಹತ್ತಿರವೇ ಸಾಕು ಅಂದರೆ ಭಾರ ಏರಿಸಬಹುದು. ಮಾವಿನಕಾಯಿಗೆ ಕಲ್ಲು ಬೀರುವ ಹುಡುಗನಿಗೂ ಗೊತ್ತಿರುವ ಲೆಕ್ಕ ಇದು. ಇದೇ ಎರಡು ಪ್ರಶ್ನೆಗಳ ಮೇಲೆ ದೊಡ್ಡ ದೇಶಗಳು ಕೂತು ಒಂದು ಬೇಲಿ ಕಟ್ಟಿವೆ. ಆ ಬೇಲಿಯ ಹೊರಗೆ ನಾವು ಬಹಳ ಕಾಲ ನಿಂತಿದ್ದೆವು.

ಬ್ರಹ್ಮೋಸ್ ಹೆಸರು ಕೇಳದವರಿಲ್ಲ. ನಾವೂ ರಷ್ಯದವರೂ ಕೂಡಿ ಮಾಡಿದ ಕ್ಷಿಪಣಿ. ಬ್ರಹ್ಮಪುತ್ರ, ಮಾಸ್ಕ್ವಾ ಎರಡು ನದಿಗಳ ಹೆಸರು ಸೇರಿಸಿ ಇಟ್ಟದ್ದು. 2001ರ ಜೂನ್ 12ರಂದು ಮೊದಲ ಸಲ ಹಾರಿತು. ಅದು ಎಷ್ಟು ದೂರ ಹೋಗುತ್ತದೆ ಅಂತ ಕೇಳಿದರೆ ಆಗ ಸಿಗುತ್ತಿದ್ದ ಉತ್ತರ 290 ಕಿಲೋಮೀಟರ್. ಯಾಕಪ್ಪಾ ಈ ಇನ್ನೂರ ತೊಂಬತ್ತು? ಇನ್ನೊಂದು ಹತ್ತು ಕಿಲೋಮೀಟರ್ ಎಳೆಯಲು ಎಂಜಿನಿಯರುಗಳಿಗೆ ಕೈಲಾಗಲಿಲ್ಲವೇ? ಕೈಲಾಗುತ್ತಿತ್ತು. ತೊಡಕಿದ್ದದ್ದು ಕಾಗದದಲ್ಲಿ.

1987ರ ಏಪ್ರಿಲಿನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಜಪಾನ್, ಕೆನಡ ಈ ಏಳು ದೇಶಗಳು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆ ಅಂತ ಒಂದು ಕೂಟ ಮಾಡಿಕೊಂಡವು. ಎಂಟಿಸಿಆರ್ ಅಂತ ಪತ್ರಿಕೆಗಳಲ್ಲಿ ಬರುವುದು ಇದೇ. 500 ಕಿಲೋ ಭಾರವನ್ನು 300 ಕಿಲೋಮೀಟರ್ ಆಚೆಗೆ ಒಯ್ಯಬಲ್ಲ ಯಾವ ವಾಹನವನ್ನೂ, ಅದರ ಮುಖ್ಯ ಅಂಗಗಳನ್ನೂ, ಅದನ್ನು ಮಾಡುವ ವಿದ್ಯೆಯನ್ನೂ ಹೊರಗಿನವರಿಗೆ ಸುಲಭವಾಗಿ ಕೊಡಬಾರದು ಅನ್ನುವುದು ಅದರ ತಿರುಳು. ಹೊಸದಾಗಿ ಅಣುಬಾಂಬ್ ಕಲಿತ ದೇಶದ ಬಾಂಬು ಹೆಚ್ಚುಕಡಿಮೆ ಅರ್ಧ ಟನ್ನಾದರೂ ತೂಗುತ್ತದೆ ಅನ್ನುವ ಅಂದಾಜಿನ ಮೇಲೆ ಆ 500 ಬಂತು. ರಷ್ಯ 1995ರಲ್ಲಿ ಈ ಕೂಟ ಸೇರಿತು. ಹಾಗಾಗಿ ಕೂಟದ ಹೊರಗಿದ್ದ ನಮ್ಮೊಡನೆ ಅದು ಮುನ್ನೂರರ ಗೆರೆಯ ಈಚೆಗೇ ನಿಂತು ಕೆಲಸ ಮಾಡಬೇಕಾಯಿತು. ಇದು ಒಪ್ಪಂದ ಕೂಡ ಅಲ್ಲ, ನೋಡಿ. ಇದಕ್ಕೆ ಕೋರ್ಟಿಲ್ಲ, ಪೊಲೀಸಿಲ್ಲ. ಒಂದೊಂದು ದೇಶವೂ ತನ್ನ ಕಾನೂನಿನಲ್ಲಿ ಇದನ್ನು ಬರೆದುಕೊಳ್ಳಬೇಕು, ಅಷ್ಟೇ. ಆದರೆ ಅಮೆರಿಕದ ಕಾನೂನಿಗೆ ಕೈ ಉದ್ದ. ಕೂಟದ ಮಾತು ಮೀರಿದ ಪರದೇಶದ ಸಂಸ್ಥೆಗೂ ಅದು ದಂಡ ಹಾಕಬಲ್ಲದು. ಅದು ಹೇಗೆ ಅನ್ನುವುದನ್ನು ಬೆಂಗಳೂರು ಕಂಡಿದೆ, ಮುಂದೆ ಹೇಳುತ್ತೇನೆ.

ಅಣ್ವಸ್ತ್ರದ ಹುಚ್ಚು ಹಿಡಿದ ಒಂದು ದೇಶವನ್ನು ಜಗತ್ತೆಲ್ಲ ಸೇರಿ ತಡೆಯುತ್ತಿದೆ ಅನ್ನುವ ಸುದ್ದಿ ಬಂದಾಗ ನಮ್ಮ ಕಣ್ಮುಂದೆ ಬರುವುದು ಇರಾನು, ಉತ್ತರ ಕೊರಿಯ. ಆ 'ಒಂದು ದೇಶ' ಕಾಲು ಶತಮಾನಕ್ಕೂ ಹೆಚ್ಚು ಕಾಲ ನಾವೇ ಆಗಿದ್ದೆವು ಅನ್ನುವುದನ್ನು ಮರೆತಿದ್ದೇವೆ. ಇಂದಿನ ನಿರ್ಬಂಧಗಳ ಅರ್ಥ ತಿಳಿಯಬೇಕಾದರೆ ನಮ್ಮ ಕಥೆಯನ್ನೇ ಒಮ್ಮೆ ನೋಡುವುದು ಮೇಲು. ಅದರಲ್ಲಿ ಕನ್ನಡಿಗರ ಪಾಲೂ ಸಣ್ಣದಲ್ಲ.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನಿನಲ್ಲಿ ನೆಲದಡಿ ಒಂದು ಅಣುಸ್ಫೋಟವಾಯಿತು. ಅದನ್ನು ನಡೆಸಿದ ತಂಡದ ಮುಂದಾಳು ಆಗ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ. ತಿಪಟೂರಿನಲ್ಲಿ ಹುಟ್ಟಿದವರು, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದವರು. ಸರ್ಕಾರ ಅದನ್ನು 'ಶಾಂತಿಯುತ ಅಣುಸ್ಫೋಟ' ಅಂತ ಕರೆಯಿತು. ಹೊರಗಿನವರು ನಂಬಲಿಲ್ಲ. ಅವರ ಸಿಟ್ಟಿಗೆ ಕಾರಣವೂ ಇತ್ತು. ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ತಯಾರಾದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ. ಆ ರಿಯಾಕ್ಟರ್ ಕೊಟ್ಟದ್ದು ಕೆನಡ, ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ, ಕೊಡುವಾಗ ಹೇಳಿದ್ದು 'ಶಾಂತಿಯ ಕೆಲಸಕ್ಕೆ ಮಾತ್ರ' ಅಂತ. ಸ್ಫೋಟವೂ ಶಾಂತಿಯದೇ ಅಂತ ನಾವು ವಾದಿಸಿದೆವು. ವಕೀಲರ ವಾದವಾಗಿ ಅದು ಚೆಂದ. ಆದರೆ ಸಾಲ ಕೊಟ್ಟವನ ಎದುರು ನಿಂತು ಆಡಿದರೆ ಅವನ ಮುಖ ಹೇಗಾಗುತ್ತದೆ ಅಂತ ಯೋಚಿಸಿ.

ಕೆನಡ ಕೂಡಲೇ ಕೈ ಎಳೆದುಕೊಂಡಿತು. ರಾಜಸ್ಥಾನದಲ್ಲಿ ಅದರ ನೆರವಿನಿಂದ ಕಟ್ಟುತ್ತಿದ್ದ ಎರಡನೆಯ ರಿಯಾಕ್ಟರು ಅರ್ಧಕ್ಕೆ ನಿಂತಿತು. ನಮ್ಮವರೇ ಅದನ್ನು ಮುಗಿಸಿ ವಿದ್ಯುತ್ ಕೊಡುವ ಹೊತ್ತಿಗೆ 1981. ಇತ್ತ ಅಣು ಸಾಮಗ್ರಿ ಮಾರುವ ಏಳು ದೇಶಗಳು ಲಂಡನ್ನಿನಲ್ಲಿ ಗುಟ್ಟಾಗಿ ಸೇರಿ, ಯಾರಿಗೆ ಏನು ಕೊಡಬೇಕು, ಏನು ಕೊಡಬಾರದು ಅಂತ ಪಟ್ಟಿ ಮಾಡಿದವು. ಆ ನಿಯಮಗಳು 1978ರಲ್ಲಿ ಪ್ರಕಟವಾದವು. ಇವತ್ತು ಎನ್‌ಎಸ್‌ಜಿ ಅನ್ನುವ 'ಪರಮಾಣು ಪೂರೈಕೆದಾರರ ಕೂಟ' ಹುಟ್ಟಿದ್ದು ಹೀಗೆ, ನಮ್ಮ ಸ್ಫೋಟಕ್ಕೆ ಉತ್ತರವಾಗಿ. ಅದೇ 1978ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿತು: ನಿನ್ನ ಎಲ್ಲ ಅಣು ಕೇಂದ್ರಗಳ ಬಾಗಿಲನ್ನೂ ತಪಾಸಣೆಗೆ ತೆರೆ, ಇಲ್ಲದಿದ್ದರೆ ಇಂಧನವಿಲ್ಲ. ಮಹಾರಾಷ್ಟ್ರದ ಕಡಲ ಕರೆಯಲ್ಲಿರುವ ತಾರಾಪುರದ ಸ್ಥಾವರ ನಡೆಯುತ್ತಿದ್ದುದೇ ಅಮೆರಿಕದ ಯುರೇನಿಯಂನಿಂದ. ಮೂವತ್ತು ವರ್ಷ ಕೊಡುತ್ತೇವೆ ಅಂತ 1963ರಲ್ಲಿ ಬರೆದುಕೊಟ್ಟಿದ್ದವರು ಮಧ್ಯದಲ್ಲೇ ನಿಲ್ಲಿಸಿದರು. 1982ರಲ್ಲಿ ಫ್ರಾನ್ಸ್ ಒಪ್ಪಿಕೊಂಡದ್ದರಿಂದ ತಾರಾಪುರದ ಉಸಿರು ಉಳಿಯಿತು. ಮಾತು ತಪ್ಪುವ ಕಲೆ ಒಂದೇ ಕಡೆಯವರದಲ್ಲ, ಬಿಡಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 1968ರಲ್ಲಿ ಸಿದ್ಧವಾಗಿ 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪ್ರಕಾರ, 1967ರ ಜನವರಿ 1ಕ್ಕೆ ಮೊದಲು ಬಾಂಬು ಸಿಡಿಸಿದ್ದವರು ಮಾತ್ರ ಅಣ್ವಸ್ತ್ರ ರಾಷ್ಟ್ರಗಳು. ನಮ್ಮ ಕಾಲೇಜುಗಳ ಅಡ್ಮಿಷನ್ನಿನ ಹಾಗೆ, ಕೊನೆಯ ದಿನಾಂಕ ಮುಗಿದ ಮೇಲೆ ಬಂದವರಿಗೆ ಜಾಗವಿಲ್ಲ. 1964ರಲ್ಲಿ ಸಿಡಿಸಿದ ಚೀನ ಒಳಗೆ, 1974ರಲ್ಲಿ ಸಿಡಿಸಿದ ಭಾರತ ಹೊರಗೆ. ಇದು ನ್ಯಾಯವಲ್ಲ ಅಂತ ನಾವು ಸಹಿ ಹಾಕಲೇ ಇಲ್ಲ. ಇರಾನ್ ಸಹಿ ಹಾಕಿದೆ. ಉತ್ತರ ಕೊರಿಯ 1985ರಲ್ಲಿ ಸೇರಿ, 2003ರಲ್ಲಿ ಹೊರಬಂದು, 2006ರಲ್ಲಿ ಬಾಂಬು ಸಿಡಿಸಿತು. ವ್ರತ ಹಿಡಿದು ಮುರಿಯುವುದು ಬೇರೆ, ವ್ರತವೇ ಬೇಡ ಅಂದದ್ದು ಬೇರೆ. ಇರಾನಿನ ಜೊತೆ 2015ರಲ್ಲಿ ಆದ ಒಪ್ಪಂದದಲ್ಲಿ ಯುರೇನಿಯಂ ಸಂವರ್ಧನೆಯನ್ನು ಶೇಕಡ 3.67ಕ್ಕೆ ಕಟ್ಟಿಹಾಕಿ ತಪಾಸಣೆ ಇಟ್ಟಿದ್ದರು. 2018ರಲ್ಲಿ ಅಮೆರಿಕ ತಾನೇ ಅದರಿಂದ ಎದ್ದು ಹೋಯಿತು. 2025ರ ಜೂನಿನಲ್ಲಿ ಇಸ್ರೇಲೂ ಅಮೆರಿಕವೂ ಆ ಕೇಂದ್ರಗಳ ಮೇಲೆ ಬಾಂಬು ಹಾಕಿದವು. ನಮ್ಮ ಮೇಲೆ ಬಾಂಬು ಬೀಳಲಿಲ್ಲ. ಬಿದ್ದದ್ದು ಪಟ್ಟಿಗಳು.

ಪಟ್ಟಿ ಮಾಡುವವರ ತಲೆನೋವನ್ನೂ ಸ್ವಲ್ಪ ನೋಡೋಣ. ಎಳನೀರು ಮಾರುವವನು ಅಂಗಡಿಗೆ ಬಂದು ಮಚ್ಚು ಕೇಳುತ್ತಾನೆ ಅಂತಿಟ್ಟುಕೊಳ್ಳಿ. ಅದೇ ಮಚ್ಚಿನಿಂದ ಕಾಯಿ ಕೆತ್ತಬಹುದು, ತಲೆಯನ್ನೂ ಕೆತ್ತಬಹುದು. ಅಂಗಡಿಯವನು ಮಚ್ಚಿನ ಉದ್ದ ಅಳೆಯಬಲ್ಲ, ತೂಕ ನೋಡಬಲ್ಲ. ಕೊಳ್ಳುವವನ ಮನಸ್ಸನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾನೆ? ಉಪಗ್ರಹ ಹಾರಿಸುವ ರಾಕೆಟ್ಟಿಗೂ ಬಾಂಬು ಹೊರುವ ಕ್ಷಿಪಣಿಗೂ ಕೊಳವೆ ಒಂದೇ, ಇಂಧನ ಒಂದೇ, ದಾರಿ ತೋರುವ ಜೈರೋಸ್ಕೋಪೂ ಒಂದೇ. ಇಂಥ ಎರಡು ಬಾಯಿಯ ಸಾಮಾನಿನ ಮುಂದೆ ಮನಸ್ಸನ್ನು ಓದಲಾರದ ಬೇಲಿ ಕಿಲೋ, ಕಿಲೋಮೀಟರ್ ಅಷ್ಟನ್ನೇ ಓದುತ್ತದೆ. ಆದ್ದರಿಂದಲೇ ಅದು ಒಮ್ಮೊಮ್ಮೆ ಸರಿಯಾಗಿ ಅನುಮಾನಿಸುತ್ತದೆ, ಒಮ್ಮೊಮ್ಮೆ ದಾರಿಹೋಕನ ಕೈ ಹಿಡಿಯುತ್ತದೆ. ನಮ್ಮ ವಿಷಯದಲ್ಲಿ ಎರಡೂ ಆಯಿತು.

ಸರಿಯಾದ ಅನುಮಾನ ಮೊದಲು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಶುದ್ಧ ವಿಜ್ಞಾನದ ಕೆಲಸ, ಎಲ್ಲರೂ ಹೆಮ್ಮೆಪಟ್ಟರು. ಅದರ ಯೋಜನೆಯ ಮುಖ್ಯಸ್ಥರಾಗಿದ್ದ ಅಬ್ದುಲ್ ಕಲಾಂ 1982ರಲ್ಲಿ ರಕ್ಷಣಾ ಸಂಶೋಧನೆಗೆ ಹೋದರು. 1989ರ ಮೇ 22ರಂದು ಅಗ್ನಿ ಕ್ಷಿಪಣಿ ಹಾರಿತು. ಅಗ್ನಿಯ ಮೊದಲ ಹಂತ ಯಾವುದು? ಎಸ್‌ಎಲ್‌ವಿ-3ರ ಮೊದಲ ಹಂತವೇ. ಆದುದರಿಂದ 'ನಮ್ಮ ರಾಕೆಟ್ಟಿಗೂ ಕ್ಷಿಪಣಿಗೂ ಏನೇನೂ ಸಂಬಂಧವಿಲ್ಲ' ಅನ್ನುವ ಮಾತನ್ನು ಕೇಳಿ ವಾಷಿಂಗ್ಟನ್ನಿನವರು ನಕ್ಕರೆ ಅವರನ್ನು ಬಯ್ಯುವ ಹಾಗಿಲ್ಲ.

ಈಗ ದಾರಿಹೋಕನ ಕೈ ಹಿಡಿದ ಕಥೆ. ಎರಡು ಟನ್ನಿನ, ಅದಕ್ಕೂ ಮೇಲಿನ ಸಂಪರ್ಕ ಉಪಗ್ರಹಗಳನ್ನು ಭೂಮಿಯಿಂದ 36,000 ಕಿಲೋಮೀಟರ್ ಎತ್ತರಕ್ಕೆ ಕಳಿಸಲು ರಾಕೆಟ್ಟಿನ ತುದಿಯ ಹಂತದಲ್ಲಿ ಕ್ರಯೋಜೆನಿಕ್ ಎಂಜಿನ್ ಬೇಕು. ಸೊನ್ನೆಗಿಂತ 253 ಡಿಗ್ರಿ ಕೆಳಗೆ ದ್ರವವಾಗಿ ನಿಲ್ಲುವ ಜಲಜನಕವನ್ನೂ, 183 ಡಿಗ್ರಿ ಕೆಳಗಿನ ಆಮ್ಲಜನಕವನ್ನೂ ಸೇರಿಸಿ ಉರಿಸುವ ಎಂಜಿನ್ ಅದು. ಎಷ್ಟು ಮುಚ್ಚಿಟ್ಟರೂ ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಹೋಗುವ ಈ ಇಂಧನವನ್ನು ಹಾರಿಸುವ ಮುನ್ನ ಗಂಟೆಗಟ್ಟಲೆ ತುಂಬಬೇಕು. ಶತ್ರು ಬಂದಾಗ 'ಸ್ವಲ್ಪ ತಡಿಯಪ್ಪಾ, ಜಲಜನಕ ತುಂಬ್ತಾ ಇದ್ದೀವಿ' ಅನ್ನುವುದಕ್ಕಾಗುತ್ತದೆಯೇ? ಕ್ಷಿಪಣಿಗೆ ಇಷ್ಟು ಹೊಂದದ ಎಂಜಿನ್ ಇನ್ನೊಂದಿಲ್ಲ.

1991ರ ಜನವರಿಯಲ್ಲಿ ಇಸ್ರೊ ಆಗಿನ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು: ಎಂಜಿನ್ನೂ ಬೇಕು, ಅದನ್ನು ಮಾಡುವ ವಿದ್ಯೆಯೂ ಬೇಕು. ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ಆಗ ಅಧ್ಯಕ್ಷರಾಗಿದ್ದವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಅದಕ್ಕೂ ಮೊದಲು ಒಂದು ಅಮೆರಿಕನ್ ಕಂಪನಿಯೂ ಫ್ರೆಂಚರೂ ಇಂಥದೇ ಎಂಜಿನ್ ಮಾರಲು ಬಂದಿದ್ದರು. ದರ ಜಾಸ್ತಿ ಅಂತ ಇಸ್ರೊ ಒಪ್ಪಲಿಲ್ಲ. ಆಗ ಕಾಣದ ಅಪಾಯ ರಷ್ಯದ ಅಗ್ಗದ ಎಂಜಿನ್ನಿನಲ್ಲಿ ಕಂಡಿತು. 1992ರ ಮೇ ತಿಂಗಳಲ್ಲಿ ಅಮೆರಿಕ ಎಂಟಿಸಿಆರ್ ಹೆಸರು ಹೇಳಿ ಇಸ್ರೊ, ಗ್ಲಾವ್‌ಕಾಸ್ಮಾಸ್ ಎರಡರ ಮೇಲೂ ಎರಡು ವರ್ಷದ ನಿರ್ಬಂಧ ಹಾಕಿತು. ಅಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಗಿತ್ತು. ಕೈ ಬರಿದಾಗಿದ್ದ ರಷ್ಯ 1993ರ ಜುಲೈಯಲ್ಲಿ ಮಣಿಯಿತು: ವಿದ್ಯೆ ಕೊಡಲ್ಲ, ತಯಾರಾದ ಎಂಜಿನ್ ಬೇಕಾದರೆ ತಗೊಳ್ಳಿ. ಕೊನೆಗೆ ಬಂದವು ಏಳು.

ಆಮೇಲೆ ನಡೆದದ್ದು ಕಾಯುವ ಕೆಲಸ. ಬ್ರಿಟಿಷರ ಕಾಲದಲ್ಲಿ ಊರಿಗೆ ಮರಳುವ ಹಡಗಿಗಾಗಿ ದೇವಳಾಲಿಯ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಕಾದು ಕಾದು ಸೋಲ್ಜರುಗಳಿಗೆ ತಲೆ ಕೆಡುತ್ತಿತ್ತಂತೆ. ಇಂಗ್ಲಿಷಿನಲ್ಲಿ ಇಂದಿಗೂ ತಲೆ ಕೆಟ್ಟವನಿಗೆ ಈ ಊರಿನ ಹೆಸರನ್ನೇ ತಿರುಚಿ 'ಡೂಲಾಲಿ' ಅನ್ನುತ್ತಾರೆ. ನಮ್ಮ ಎಂಜಿನಿಯರುಗಳಿಗೆ ಹಾಗಾಗಲಿಲ್ಲ ಅನ್ನುವುದೇ ಆಶ್ಚರ್ಯ. 1994ರಲ್ಲಿ ಸ್ವಂತ ಕ್ರಯೋಜೆನಿಕ್ ಯೋಜನೆ ಶುರುವಾಯಿತು. 2001ರಲ್ಲಿ ರಷ್ಯದ ಎಂಜಿನ್ ಹೊತ್ತು ಮೊದಲ ಜಿಎಸ್‌ಎಲ್‌ವಿ ಹಾರಿತು. 2010ರ ಏಪ್ರಿಲ್ 15ರಂದು ನಮ್ಮದೇ ಎಂಜಿನ್ನಿಟ್ಟು ಹಾರಿಸಿದರು. ಇಂಧನದ ಪಂಪು ನಿಂತು ರಾಕೆಟ್ಟು ಕಡಲಿಗೆ ಬಿತ್ತು. ಗೆದ್ದದ್ದು 2014ರ ಜನವರಿ 5ರಂದು. ಈ ಇಪ್ಪತ್ತು ವರ್ಷ ನಮ್ಮ ಭಾರದ ಉಪಗ್ರಹಗಳು ಬೆಂಗಳೂರಿನಲ್ಲಿ ತಯಾರಾಗಿ, ಹಡಗು ವಿಮಾನ ಹತ್ತಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಕ್ಕೆ ಹೋಗಿ, ಅಲ್ಲಿ ಬಾಡಿಗೆ ರಾಕೆಟ್ಟಿನಲ್ಲಿ ಮೇಲೇರಿ, ಆಮೇಲೆ ಹಾಸನದ ನಿಯಂತ್ರಣ ಕೇಂದ್ರದ ಮಾತು ಕೇಳಬೇಕಾಯಿತು. ಆ ಬಾಡಿಗೆಯೆಲ್ಲ ಈ ನಿರ್ಬಂಧದ ಬಿಲ್ಲೇ. ಇತ್ತ ಅಗ್ನಿ ಏನಾಯಿತು? ಅಗ್ನಿಗೆ ಕ್ರಯೋಜೆನಿಕ್ ಬೇಕೇ ಇರಲಿಲ್ಲ. ಅದು ಬೆಳೆಯುತ್ತಲೇ ಹೋಯಿತು. ಬೇಲಿ ಕ್ಷಿಪಣಿಯನ್ನು ಬಿಟ್ಟು ಟೆಲಿಫೋನು, ಟೆಲಿವಿಷನ್ನಿನ ಉಪಗ್ರಹವನ್ನು ಹಿಡಿದುಕೊಂಡಿತ್ತು.

ಇಂಥ ಸಣ್ಣ ದೊಡ್ಡ ಕಥೆಗಳು ಇನ್ನೂ ಇವೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕ್ರೇ ಸೂಪರ್ ಕಂಪ್ಯೂಟರ್ ಕೇಳಿತು. ಬಾಂಬಿನ ಲೆಕ್ಕ ಮಾಡುತ್ತೀರಿ ಅಂತ ಅಮೆರಿಕ ಕೊಡಲಿಲ್ಲ. ಹವಾಮಾನದ ಲೆಕ್ಕಕ್ಕೆ ಅಂತ ದಿಲ್ಲಿಗೆ ಅದಕ್ಕಿಂತ ಸಣ್ಣದೊಂದು ಕೊಟ್ಟಿತು. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ 1986ರಲ್ಲೇ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿ, 1991ರಲ್ಲಿ ಪರಮ್ 8000 ಹೊರಬಂತು.

1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಮತ್ತೆ ಸ್ಫೋಟಗಳಾದವು. ಈ ಸಲ ಶಾಂತಿಯ ಮಾತಿರಲಿಲ್ಲ, ಬಾಂಬು ಅಂತಲೇ ಹೇಳಿದರು. ಜೂನ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1172ನೆಯ ನಿರ್ಣಯದಲ್ಲಿ ನಮ್ಮನ್ನೂ ಪಾಕಿಸ್ತಾನವನ್ನೂ ಖಂಡಿಸಿತು. ನವೆಂಬರಿನಲ್ಲಿ ಅಮೆರಿಕದ ಪಟ್ಟಿಗೆ ಭಾರತದ ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ಸೇರಿದವು. ಬೆಂಗಳೂರು ಅದರಲ್ಲಿ ಜೋರಾಗಿಯೇ ಇತ್ತು: ಇಸ್ರೊ, ಬಿಇಎಲ್, ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು. ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದ ನಮ್ಮ ತಂಡವನ್ನು ವಾಪಸು ಕಳಿಸಿದರು, ಸಾಮಾನು ಅಲ್ಲೇ ಉಳಿಯಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಹಾರಿತು. ಅದೇ ವರ್ಷದ ಸೆಪ್ಟೆಂಬರ್ 11ರ ನಂತರ ಅಮೆರಿಕಕ್ಕೆ ನಾವು ಬೇಕಾದೆವು. ಪಟ್ಟಿ ಸರ್ರನೆ ಚಿಕ್ಕದಾಯಿತು. ನಾವೇನೂ ಬಾಂಬು ಬಿಟ್ಟುಕೊಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ.

'ಅವರು ಬಾಗಿಲು ಮುಚ್ಚಿದ್ದೇ ಒಳ್ಳೇದಾಯ್ತು, ನಾವು ಸ್ವಂತ ಕಾಲ ಮೇಲೆ ನಿಂತೆವು' ಅಂತ ಭಾಷಣಗಳಲ್ಲಿ ಹೇಳುವುದುಂಟು. ಕೇಳಲು ಹಿತ. ಪರಮ್ ನೋಡಿದರೆ, ಲಘು ವಿಮಾನ ನೋಡಿದರೆ ಅರ್ಧ ನಿಜ ಕೂಡ. ಇನ್ನರ್ಧಕ್ಕೆ ಕೈಗಾಕ್ಕೆ ಹೋಗಬೇಕು. ಕಾರವಾರದ ಹಿಂದಿನ ಕಾಡಿನಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ, ನಮ್ಮವರೇ ಕಟ್ಟಿದ್ದು. ಆದರೆ 2007-08ರ ಸುಮಾರಿಗೆ ದೇಶದಲ್ಲಿ ಯುರೇನಿಯಂ ಸಾಲದೆ, ಹೊರಗಿನಿಂದ ತರಲು ಎನ್‌ಎಸ್‌ಜಿ ಬಿಡದೆ, ನಮ್ಮ ಅಣು ಸ್ಥಾವರಗಳನ್ನು ಸುಮಾರು ಅರ್ಧ ಕಸುವಿನಲ್ಲಿ ನಡೆಸಬೇಕಾಯಿತು. ಸ್ವಾವಲಂಬನೆಯಿಂದ ರಿಯಾಕ್ಟರ್ ಕಟ್ಟಬಹುದು, ನೆಲದಲ್ಲಿ ಸಾಕಷ್ಟಿಲ್ಲದ ಅದಿರನ್ನು ಹುಟ್ಟಿಸಲಾಗದು. ಕ್ರಯೋಜೆನಿಕ್ಕಿನ ಇಪ್ಪತ್ತು ವರ್ಷಗಳನ್ನೂ ಯಾರೂ ಮರಳಿ ಕೊಡುವುದಿಲ್ಲ. ಹಾಗೇ ಅತ್ತ ಕಡೆ 'ನಿರ್ಬಂಧ ಹಾಕಿದ್ದರಿಂದ ತಡೆದೆವು' ಅನ್ನುವವರ ಲೆಕ್ಕವೂ ತಪ್ಪೇ. ನಿಧಾನವಾಯಿತು, ನಿಲ್ಲಲಿಲ್ಲ.

ಈ ಕೊರತೆಯೇ 2005ರ ಜುಲೈಯಲ್ಲಿ ಶುರುವಾದ ಮನಮೋಹನ ಸಿಂಗ್ ಮತ್ತು ಬುಷ್ ಮಾತುಕತೆಯ ಹಿಂದಿದ್ದ ಒಂದು ಒತ್ತಡ. 2008ರ ಸೆಪ್ಟೆಂಬರ್ 6ರಂದು ಎನ್‌ಎಸ್‌ಜಿ ನಮಗೆ ವಿನಾಯಿತಿ ಕೊಟ್ಟಿತು. ಬದಲಿಗೆ ನಾವು ನಾಗರಿಕ ರಿಯಾಕ್ಟರುಗಳನ್ನು ಬೇರೆ ಮಾಡಿ ತಪಾಸಣೆಗೆ ತೆರೆದೆವು. ಸೈರಸ್ ಅನ್ನು 2010ರ ಕೊನೆಗೆ ಮುಚ್ಚಿದೆವು. ಕೈಗಾದ ನಾಲ್ಕನ್ನೂ ತಪಾಸಣೆಯ ಹೊರಗೇ ಇಟ್ಟುಕೊಂಡೆವು. ಹಾಗಾಗಿ ಹೊರಗಿನಿಂದ ಬರುವ ಯುರೇನಿಯಂ ಅವುಗಳಿಗೆ ಸಲ್ಲುವುದಿಲ್ಲ.

ಇನ್ನು 2016ರ ಜೂನಿನ ಒಂದು ವಾರ. 24ರಂದು ಸೋಲ್‌ನಲ್ಲಿ ಎನ್‌ಎಸ್‌ಜಿ ಸಭೆ ಮುಗಿಯಿತು. ಚೀನದ ಅಡ್ಡಿಯಿಂದ ನಮಗೆ ಸದಸ್ಯತ್ವ ಸಿಗಲಿಲ್ಲ. 25ರಂದು ನಾಸಿಕದಲ್ಲಿ, ದೇವಳಾಲಿಯಿಂದ ಊರಿನ ಆಚೆ ತುದಿಯ ಓಝರ್‌ನ ಎಚ್‌ಎಎಲ್ ಕಾರ್ಖಾನೆಯಿಂದ, ಎರಡೂವರೆ ಟನ್ನಿನ ಬ್ರಹ್ಮೋಸನ್ನು ಹೊಟ್ಟೆಗೆ ಕಟ್ಟಿಕೊಂಡು ಸುಖೋಯ್-30 ಮೊದಲ ಸಲ ಹಾರಿತು. 27ರಂದು ಭಾರತ ಎಂಟಿಸಿಆರ್‌ನ 35ನೆಯ ಸದಸ್ಯನಾಯಿತು. 2004ರಲ್ಲಿ ಅರ್ಜಿ ಹಾಕಿದ ಚೀನ ಅಲ್ಲಿ ಇನ್ನೂ ಹೊರಗಿದೆ. ಒಬ್ಬರ ಬಾಗಿಲಲ್ಲಿ ಒಬ್ಬರು ನಿಂತ ಹಾಗೆ. ಮರುವರ್ಷ ಮಾರ್ಚಿನಲ್ಲಿ ಬ್ರಹ್ಮೋಸ್ ಮುನ್ನೂರರ ಗೆರೆ ದಾಟಿ ಸುಮಾರು 450 ಕಿಲೋಮೀಟರ್ ಹೋಯಿತು. ಹತ್ತು ಹದಿನೈದು ವರ್ಷ ಕಾಗದ ಕಟ್ಟಿಹಾಕಿದ್ದನ್ನು ಬಿಚ್ಚಲು ಒಂಬತ್ತು ತಿಂಗಳು ಸಾಕಾಯಿತು.

2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸುಮಾರು 37.5 ಕೋಟಿ ಡಾಲರಿಗೆ ಬ್ರಹ್ಮೋಸ್ ಕೊಳ್ಳಲು ನಮ್ಮೊಡನೆ ಒಪ್ಪಂದ ಮಾಡಿಕೊಂಡಿತು. 2024ರ ಏಪ್ರಿಲಿನಲ್ಲಿ ಮೊದಲ ಕಂತು ಹೋಯಿತು. ಹೊರಗೆ ಮಾರುವ ಬ್ರಹ್ಮೋಸಿನ ವ್ಯಾಪ್ತಿಯನ್ನು ನಾವು 290 ಕಿಲೋಮೀಟರಿಗೇ ಇಟ್ಟಿದ್ದೇವೆ. ಯಾರಿಗೆ ಏನು ಮಾರಬಾರದು ಅನ್ನುವ ಸ್ಕೊಮೆಟ್ ಎಂಬ ಪಟ್ಟಿಯೊಂದು ಈಗ ದಿಲ್ಲಿಯಲ್ಲೂ ಇದೆ. ಎನ್‌ಎಸ್‌ಜಿಗೆ ನಾವು ಇನ್ನೂ ಸೇರಿಲ್ಲ. ಸೈರಸ್ ಇದ್ದ ಟ್ರಾಂಬೆಯ ಕೇಂದ್ರದ ಹೆಸರನ್ನು ಅಮೆರಿಕ ತನ್ನ ಪಟ್ಟಿಯಿಂದ ತೆಗೆದದ್ದು 2025ರ ಜನವರಿಯಲ್ಲಿ, ಮೊದಲ ಪೋಖ್ರಾನ್ ಆಗಿ ಐವತ್ತು ವರ್ಷ ದಾಟಿದ ಮೇಲೆ.